ಅತ್ತೆಯ ಅಳತೆಗೆ ಕೊಂಡಿ

ಎಲ್ಲದಕ್ಕೂ ಕಾರಣ ಅರ್ಧ ಇಂಚು. ಅರ್ಧ ಇಂಚು ಎಂದರೆ ದರ್ಜಿಗೆ ಒಂದು ಲೆಕ್ಕವೇ ಅಲ್ಲ. ಸೊಂಟದಲ್ಲಿ ಹೆಚ್ಚಾದರೆ ಒಳಗೆ ಮಡಿಸುತ್ತಾನೆ, ಕಡಿಮೆಯಾದರೆ ಹೊಲಿಗೆ ಬಿಚ್ಚಿ ಬಿಡುತ್ತಾನೆ. ಕಬ್ಬಿಣವನ್ನು ಹಾಗೆಲ್ಲ ಬಿಚ್ಚಿ ಬಿಡಲು ಬರುವುದಿಲ್ಲ ಎಂಬುದು ಮಾತ್ರ ಅವನಿಗೆ ಆ ಶನಿವಾರ ಬೆಳಿಗ್ಗೆ, ತನ್ನದೇ ಬೀದಿಯ ತುದಿಯಲ್ಲಿದ್ದ ರಸ್ತೆಯುಬ್ಬಿನ, ಅಂದರೆ ಹಂಪಿನ ಮೇಲೆ ತಿಳಿಯಿತು.

ದರ್ಜಿಯ ಅಂಗಡಿ ಅಂದರೆ ಅವನ ಮನೆಯ ಮುಂದಿನ ಕೋಣೆ. ಹೊಲಿಗೆ ಯಂತ್ರದ ಎದುರಿಗೆ ಗಿರಾಕಿಗಳಿಗೆಂದು ಒಂದು ಬೆಂಚು. ಹದಿನೆಂಟು ವರ್ಷಗಳಲ್ಲಿ ಅದರ ಮೇಲೆ ಗಿರಾಕಿಗಳು ಕೂತದ್ದು ಕಡಿಮೆ, ಕೂತವರು ಮೂವರು. ರಿಟೈರಾದ ಬಸ್ ಕಂಡಕ್ಟರು, ಮೂಲೆಯ ಔಷಧಿ ಅಂಗಡಿಯವರು, ಅದರ ಎದುರು ಶೆಡ್ಡಿನ ವೆಲ್ಡರ್. ಮೂವರಿಗೂ ಹೊಲಿಗೆ ಬಾರದು, ಹೊಲಿಗೆಯ ಬಗ್ಗೆ ಬಾರದ ಮಾತಿಲ್ಲ. ಕಾಲರು ಹೇಗೆ ಕೂರಬೇಕು, ಹಾಸ್ಟೆಲಿನಲ್ಲಿರುವ ಮಗಳು ಏನು ಓದಬೇಕು, ಹುಳುಕು ಹಲ್ಲು ಕೀಳಿಸಬೇಕೋ ತುಂಬಿಸಬೇಕೋ, ಎಲ್ಲಕ್ಕೂ ಕೇಳದೆಯೇ ಉಪದೇಶ. ಪಾಪ, ದರ್ಜಿ ಎದುರಾಡುವುದಾದರೂ ಹೇಗೆ? ಬಾಯಲ್ಲಿ ಯಾವಾಗಲೂ ಗುಂಡುಸೂಜಿ.

ಅವನಿಗೆ ಬೇಕಾಗಿದ್ದುದು ಇಷ್ಟೇ: ಬಿಟ್ಟಿ ಸಲಹೆ ಇಲ್ಲದ ನಾಲ್ಕು ದಿನ. ಅದಕ್ಕೆಂದೇ ಹಳೆಯದೊಂದು ಟ್ರೈಲರ್ ಹುಡುಕಿ ತಂದಿದ್ದ. ವ್ಯಾನಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ನಾಲ್ಕು ಮಂಚವಿರುವ, ಗಾಲಿಯ ಮೇಲಿನ ಪುಟ್ಟ ಮನೆ. ದೂರದ ಸರೋವರದ ದಂಡೆಯಲ್ಲಿ ಅದನ್ನು ನಿಲ್ಲಿಸಲು ಜಾಗವನ್ನೂ ಹೇಳಿಟ್ಟಿದ್ದ. ಸಂಜೆ ಆರಕ್ಕೆ ಅಲ್ಲಿಯ ಗೇಟು ಮುಚ್ಚುತ್ತದೆ. ಅಷ್ಟರೊಳಗೆ ಬಾರದಿದ್ದರೆ ಜಾಗ ಬೇರೆಯವರಿಗೆ. ಬೀದಿಯಲ್ಲಿ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಬಿಡದಿದ್ದರೇನು, ಟ್ರೈಲರ್ ಏನು ಜೇಬಿನಲ್ಲಿಟ್ಟುಕೊಂಡು ಹೋಗುವ ಸಾಮಾನೇ?

ಹಿಂದಿನ ದಿನವೇ ಟೇಪು ಹಿಡಿದು ಅಳೆದೂ ಅಳೆದೂ ನೋಡಿದ್ದ. ವ್ಯಾನಿನ ಹಿಂಬದಿಗೆ ಸಿಕ್ಕಿಸಿದ ಕಬ್ಬಿಣದ ಕೊಂಡಿ ನೆಲದಿಂದ ಏಳು ಇಂಚು ಮೇಲಿತ್ತು. ಹಂಪಿನ ಎತ್ತರ ಐದು. ಎರಡು ಇಂಚು ಧಾರಾಳ! ಆದರೆ ಮಹಾರಾಯ ಅಳೆದದ್ದು ಖಾಲಿ ವ್ಯಾನನ್ನು. ಮೊಳೆಗೆ ನೇತುಹಾಕಿದ ಕೋಟು ನೋಡಿ ‘ಸಾಹೇಬರಿಗೆ ಸರಿಯಾಗಿದೆ’ ಎಂದು ಬೇರೆ ಯಾರಾದರೂ ಹೇಳಿದ್ದರೆ ಇದೇ ದರ್ಜಿ ಮುಖಕ್ಕೆ ಉಗಿಯುತ್ತಿದ್ದ. ಈಗ ಹಿಂದಿನ ಸೀಟಿನಲ್ಲಿ ಹೆಂಡತಿ, ಪಕ್ಕದಲ್ಲಿ ಅತ್ತೆ, ಬೆನ್ನ ಹಿಂದೆ ಅತ್ತೆಯ ಟ್ರಂಕು, ಸಾಲದ್ದಕ್ಕೆ ಟ್ರೈಲರಿನ ಮೂತಿಯ ಭಾರ. ವ್ಯಾನು ಹಿಂಭಾಗದಲ್ಲಿ ಕುಕ್ಕರಿಸಿ, ಏಳು ಇಂಚು ನಾಲ್ಕೂವರೆಗೆ ಇಳಿದಿತ್ತು. ಹಿಂದಿನ ಚಕ್ರ ಹಂಪ್ ದಾಟಿತು. ಕೊಂಡಿ ‘ಕರ್‌ರ್‌ರ್’ ಎಂದು ಹಂಪಿನ ನೆತ್ತಿಯ ಮೇಲೆ ಕೂತುಬಿಟ್ಟಿತು.

“ಏನ್ರೀ ಅದು?” ಎಂದಳು ಹೆಂಡತಿ.

“ಏನಿಲ್ಲ ಕಣೇ, ಸ್ವಲ್ಪ ತಾಗ್ತು.”

“ಸ್ವಲ್ಪ ತಾಗಿದ್ದಕ್ಕೆ ಇಷ್ಟು ಕಿರುಚುತ್ತಾ ಅಳಿಯಂದಿರೇ?” ಎಂದರು ಅತ್ತೆ.

ದರ್ಜಿ ಹೇಗೋ ಹಿಂದಕ್ಕೆ ಸರಿಸಿ ಕೆಳಗಿಳಿಯುವಷ್ಟರಲ್ಲಿ, “ಹೋಲ್ಡಾನ್! ಹೋಲ್ಡಾನ್!” ಎಂದು ಕೂಗುತ್ತ ಚಹಾದ ಲೋಟದ ಸಮೇತ ಕಂಡಕ್ಟರು ಓಡಿ ಬಂದರು. “ಹಂಪನ್ನ ನೆಟ್ಟಗೆ ತಗೋಬಾರ್ದು ಮಾಸ್ಟ್ರೇ, ಅಡ್ಡಡ್ಡ ತಗೋಬೇಕು. ಮೂವತ್ತು ವರ್ಷ ಬಸ್ಸಲ್ಲಿ ಸವೆದಿದ್ದೀನಿ ನಾನು.”

“ನೀವು ಟಿಕೆಟ್ ಹರೀತಿದ್ರಿ, ಓಡಿಸ್ತಿದ್ದೋನು ಡ್ರೈವರು,” ಎಂದರು ಅಂಗಡಿಯ ಬಾಗಿಲು ತೆರೆಯುತ್ತಿದ್ದ ಔಷಧಿ ಅಂಗಡಿಯವರು.

ದರ್ಜಿ ಅಡ್ಡಡ್ಡ ತೆಗೆದುಕೊಂಡ. ಕೊಂಡಿ ಮತ್ತೆ ಕಿರುಚಿತು. ಟ್ರೈಲರಿನ ಮೂಲೆ ವೆಲ್ಡರನ ಬೋರ್ಡಿಗೆ ಬಡಿದು ಬೋರ್ಡು ದಬಾರನೆ ಕೆಳಗೆ ಬಿತ್ತು. ಕರೆಯುವ ಕೆಲಸವೇ ಉಳಿಯಲಿಲ್ಲ, ವೆಲ್ಡರನೂ ಹೊರಗೆ ಬಂದ. ಅಂಗಡಿಯ ಬೆಂಚು ಅಲ್ಲಿಗೆ ಭರ್ತಿಯಾಯಿತು.

“ರೋಗ ಏನು ಅಂತ ತಿಳೀದೆ ಮದ್ದು ಕೊಡಬಾರ್ದು,” ಎಂದು ಔಷಧಿ ಅಂಗಡಿಯವರು ವ್ಯಾನಿನ ಕೆಳಗೆ ಬಗ್ಗಿ ನೋಡಿ, ಎದ್ದು, ಗಂಭೀರವಾಗಿ ಹೇಳಿದರು. “ಇದು ತೂಕದ ಕೇಸು.”

ಹೇಳಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ತಮ್ಮ ಅಂಗಡಿಯ ಮುಂದಿದ್ದ ತೂಕದ ಯಂತ್ರವನ್ನೇ ಜರುಗಿಸಿ ತಂದರು. ಮೊದಲು ಟ್ರಂಕು. ಆಮೇಲೆ ದರ್ಜಿಯ ಹೆಂಡತಿ. ಆಮೇಲೆ, ಬೇಡಬೇಡವೆಂದರೂ, ಅತ್ತೆ. ಕಂಡಕ್ಟರು ಬಸ್ ಸ್ಟ್ಯಾಂಡಿನ ಕಂಠದಲ್ಲಿ “ತೊಂಬತ್ತೆರಡೂ!” ಎಂದು ಕೂಗಿದರು. ಮಹಡಿಗಳ ಕಿಟಕಿ ತೆರೆದುಕೊಂಡವು.

“ಅತ್ತೆ, ಒಂದ್ಸಲ ವ್ಯಾನ್ ಹತ್ತಿ,” ಎಂದ ದರ್ಜಿ, ಹೆಂಡತಿಯನ್ನೂ ಟ್ರಂಕನ್ನೂ ಮತ್ತೆ ವ್ಯಾನಿಗೇರಿಸಿ, ಟೇಪು ಹಿಡಿದು ನೆಲಕ್ಕೆ ಮಲಗಿ. “ನಾಲ್ಕೂವರೆ! ಈಗ ಇಳೀರಿ. ಐದೂವರೆ! ಇನ್ನೊಂದ್ಸಲ ಹತ್ತಿ.”

ಹೀಗೆ ಒಂಬತ್ತು ಸಲ. ಕೊನೆಗೆ ಔಷಧಿ ಅಂಗಡಿಯವರು ತೀರ್ಪು ಕೊಟ್ಟರು. “ಸುಲಭ. ಹಂಪ್ ಬಂದಾಗ ಅಮ್ಮನವರು ಇಳಿದು ನಡೆದು ದಾಟ್ಲಿ. ವ್ಯಾನ್ ದಾಟಿದ ಮೇಲೆ ಹತ್ಲಿ.”

“ಸರೋವರದವರೆಗೆ ಇಪ್ಪತ್ತೇಳು ಹಂಪ್ ಇದೆ,” ಎಂದರು, ಎಲ್ಲಿಗೆ, ಎಷ್ಟು ದಿನ ಎಂದೆಲ್ಲ ಅತ್ತೆಯಿಂದ ಆಗಲೇ ಬಾಯಿ ಬಿಡಿಸಿದ್ದ ಕಂಡಕ್ಟರು.

ಅತ್ತೆಯ ಮುಖ ಕೆಂಪಾಯಿತು. “ಇಪ್ಪತ್ತೇಳು ಸಲ ಇಳಿದು ಹತ್ತೋಕೆ ನಾನೇನು ನಿಮ್ಮ ಬಸ್ಸಿನ ಕ್ಲೀನರಾ? ಬೀದಿಯಲ್ಲಿ ನಿಲ್ಲಿಸಿ ಮೂಟೆ ತೂಗಿದ ಹಾಗೆ ತೂಗಿದ್ರಿ. ಅದೂ ಆಯ್ತು. ಅಳಿಯಂದಿರೇ, ನೀವು ನೆಲದ ಮೇಲೆ ಮಲಗಿ ನನ್ನ ಮಾನ ಅಳೀತಾ ಇದ್ದೀರಿ!”

ಅಷ್ಟು ಹೇಳಿ ಔಷಧಿ ಅಂಗಡಿಯೊಳಗಿನ ಕುರ್ಚಿಯಲ್ಲಿ ಬೀದಿಗೆ ಬೆನ್ನು ಹಾಕಿ ಕೂತರು. ಸಮಾಧಾನ ಮಾಡಲು ದರ್ಜಿಯ ಹೆಂಡತಿ ಹಿಂದೆಯೇ ಹೋದಳು. ಅವಳು ಇಳಿಸಿದ ಟ್ರಂಕು ಮತ್ತೆ ತೂಕದ ಯಂತ್ರದ ಮೇಲೆ ಕೂತಿತು. ಗಂಟೆ ಹತ್ತೂವರೆ. ದರ್ಜಿಗೆ ಅಳು ಬರುವುದೊಂದು ಬಾಕಿ.

ಮುಂದಿನ ಒಂದು ಗಂಟೆ ಎತ್ತು ಏರಿಗೆ ಕೋಣ ನೀರಿಗೆ ಎಳೆಯಿತು. ಟಯರಿಗೆ ಗಾಳಿ ಹೆಚ್ಚಿಸಿ ಎಂದರು ಒಬ್ಬರು, ಟ್ರೈಲರಿನ ಗಾಳಿ ಇಳಿಸಿ ಎಂದರು ಇನ್ನೊಬ್ಬರು, ಹಂಪನ್ನೇ ಒಡೆದುಬಿಡೋಣ ಎಂದ ವೆಲ್ಡರ್. ದರ್ಜಿ ಕೊಂಡಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ನೋಡಿದ. ವ್ಯಾನಿನಿಂದ ಹೊರಬಂದು ಮೊಣಕೈಯ ಹಾಗೆ ಕೆಳಕ್ಕೆ ಬಾಗಿದ ಕಬ್ಬಿಣದ ತುಂಡು. ಅದರ ತುದಿಯಲ್ಲಿ ಟ್ರೈಲರಿನ ಮೂತಿ ಕೂರುವ ಗುಂಡು. ಕೆಳಕ್ಕೆ ಬಾಗಿದೆ. ಯಾಕೆ ಕೆಳಕ್ಕೇ ಬಾಗಬೇಕು? ಕಾಲರು ಸವೆದ ಶರ್ಟು ತಂದರೆ ಅವನು ಮಾಡುವುದೇನು? ಕಾಲರು ಬಿಚ್ಚಿ, ತಿರುವಿ, ಮತ್ತೆ ಹೊಲಿಯುತ್ತಾನೆ.

“ತಿರುವಿ ಹಾಕಿದ್ರೆ?” ಎಂದ ದರ್ಜಿ.

ಮೂವರೂ ಬಾಯಿ ಮುಚ್ಚಿದರು. ಹದಿನೆಂಟು ವರ್ಷಗಳಲ್ಲಿ ಅದು ಮೊದಲ ಸಲ.

ಜಾಕು ಕೊಟ್ಟು ಟ್ರೈಲರ್ ಎತ್ತಿ, ಪಿನ್ನು ಕಿತ್ತು, ಆ ತುಂಡನ್ನು ತಲೆಕೆಳಗು ಮಾಡಿ ಸಿಕ್ಕಿಸಿದರು. ಗುಂಡನ್ನೂ ಬಿಚ್ಚಿ ಮೇಲ್ಮುಖವಾಗಿ ಕೂರಿಸಿದರು. ಈಗ ಮೊಣಕೈ ಮೇಲಕ್ಕೆ ಬಾಗಿತ್ತು. ಅತ್ತೆ, ಹೆಂಡತಿ, ಟ್ರಂಕು ಮೂರೂ ವ್ಯಾನಿನಲ್ಲಿ ಕೂತರೆ ವ್ಯಾನು ಇಳಿದು ಟ್ರೈಲರ್ ಸಮವಾಗಿ ನಿಲ್ಲುತ್ತದೆಂದು ದರ್ಜಿ ಅಳತೆ ಹಾಕಿದ. ಎದೆ ಉಬ್ಬಿ ಬಂತು. ಇಷ್ಟು ವರ್ಷ ಕೇಳಿದ ಉಪದೇಶಕ್ಕೆಲ್ಲ ಒಂದೇ ಏಟಿಗೆ ಉತ್ತರ ಕೊಟ್ಟಂತಾಗಿತ್ತು.

“ತಡೀರಿ, ಮೊದಲು ಟ್ರಯಲ್ ನೋಡೋಣ,” ಎಂದು ಪಾನಾ ಹುಡುಕಲು ಆಚೆ ತಿರುಗಿದ.

ಹಿಂದೆ ಚಟಚಟ ಕಿಡಿ ಹಾರಿತು. ತಿರುಗಿ ನೋಡುವಷ್ಟರಲ್ಲಿ ವೆಲ್ಡರ್ ಮುಖಕವಚ ಎತ್ತಿ ಹಲ್ಲು ಕಿರಿಯುತ್ತಿದ್ದ. “ಟ್ರಯಲ್ ಯಾಕೆ ಮಾಸ್ಟ್ರೇ, ನಾನಿಲ್ವಾ? ನಾಲ್ಕೂ ಕಡೆ ಬೆಸುಗೆ ಹಾಕಿದ್ದೀನಿ. ಇನ್ನು ಬ್ರಹ್ಮ ಬಂದ್ರೂ ಬಿಚ್ಚಲ್ಲ. ನಿಮ್ಮ ಕೆಲಸದಲ್ಲಿ ನನ್ನದೂ ಒಂದು ಕೈ ಇರ್ಲಿ ಅಂತ.”

“ಅಯ್ಯೋ… ಹೋಗ್ಲಿ ಬಿಡಪ್ಪ, ಅಳತೆ ಸರಿ ಇದೆ,” ಎಂದು ದರ್ಜಿ ಕೈ ಒರೆಸಿಕೊಂಡು ಔಷಧಿ ಅಂಗಡಿಯತ್ತ ಕೂಗಿದ. “ಅತ್ತೆ, ಬನ್ನಿ, ಹತ್ತಿ!”

ಕುರ್ಚಿ ಖಾಲಿ. ಟ್ರಂಕು ಇಲ್ಲ. ತೂಕದ ಯಂತ್ರದ ಮುಳ್ಳು ಸೊನ್ನೆಯಲ್ಲಿ ನಿಂತಿತ್ತು. ಮಾತ್ರೆಯ ಲಕೋಟೆಯೊಂದರ ಬೆನ್ನಿಗೆ ಹೆಂಡತಿ ಬರೆದಿಟ್ಟಿದ್ದಳು: ‘ಅಮ್ಮ ಇನ್ನು ಆ ವ್ಯಾನ್ ಹತ್ತಲ್ಲ ಅಂತ ಹಟ ಹಿಡಿದಿದಾಳೆ. ಹನ್ನೆರಡರ ಬಸ್ಸಿಗೆ ಹೊರಟ್ವಿ. ನೀವು ಆರರೊಳಗೆ ಬಂದುಬಿಡಿ.’ ಎಲ್ಲರೂ ವ್ಯಾನಿನ ಕೆಳಗಿದ್ದಾಗ ನಡೆದ ಕೆಲಸ, ಯಾರೂ ನೋಡಿರಲಿಲ್ಲ.

ದರ್ಜಿಗೆ ಬೇಜಾರಾಯಿತು, ನಿಜ. ಆದರೆ ಹೇಗೂ ಸರೋವರದಲ್ಲಿ ಸಿಗುತ್ತಾರೆ. ಮೂವರಿಗೂ ಕೈಮುಗಿದು ಒಬ್ಬನೇ ಹೊರಟ. ಹಂಪ್ ಬಂತು. ಮುಂದಿನ ಚಕ್ರ ದಾಟಿತು, ಹಿಂದಿನ ಚಕ್ರ ದಾಟಿತು, ಕೊಂಡಿ ಸದ್ದಿಲ್ಲದೆ ದಾಟಿತು. ಕನ್ನಡಿಯಲ್ಲಿ ಮೂರು ತಲೆಗಳು ಚಿಕ್ಕದಾಗುತ್ತಿದ್ದವು. ದರ್ಜಿ ಶಿಳ್ಳೆ ಹಾಕಲು ತುಟಿ ಮುದುಡಿದ. ‘ಧಡ್’ ಎಂದಿತು.

ಆನೆ ಹೋಗಿ ಬಾಲ ಸಿಕ್ಕಿಕೊಂಡಿತ್ತು. ಖಾಲಿ ವ್ಯಾನು ಹಿಂಭಾಗ ಎತ್ತಿ ನಿಂತಿದ್ದರಿಂದ ಟ್ರೈಲರಿನ ಮೂತಿ ಆಕಾಶ ನೋಡುತ್ತಿತ್ತು, ಬಾಲ ಹಂಪಿನ ಮೇಲೆ ಕೂತಿತ್ತು.

“ಅಳತೆ ಕೊಟ್ಟವರೇ ಬಸ್ ಹತ್ತಿ ಹೋದ್ರಲ್ಲಪ್ಪಾ!” ಎಂದು ದರ್ಜಿ ತಲೆಯ ಮೇಲೆ ಕೈಹೊತ್ತು ಕೂತ. “ಬಿಚ್ಚಯ್ಯ ಅದನ್ನ!”

“ಬಿಚ್ಚೋಕಾಗಲ್ಲ, ಕತ್ತರಿಸ್ಬೇಕು,” ಎಂದ ವೆಲ್ಡರ್ ತಲೆ ಕೆರೆದುಕೊಂಡು. “ಕತ್ತರಿಸೋ ಬ್ಲೇಡು ನಿನ್ನೆ ಮುಗೀತು. ಸೋಮವಾರ ಬರುತ್ತೆ.”

“ಹಾಗಾದ್ರೆ ಇಟ್ಟಿಗೆ ತುಂಬ್ತೀನಿ. ಅತ್ತೆ ಇದ್ದಷ್ಟೇ ಭಾರ ಹೇರ್ತೀನಿ.”

“ಇಟ್ಟಿಗೆ ಯಾಕ್ರೀ?” ಎಂದರು ಕಂಡಕ್ಟರು, ನೊಂದವರಂತೆ. “ನಾವಿಲ್ವಾ? ಇಟ್ಟಿಗೆಗೇನು ದಾರಿ ಗೊತ್ತಾ?”

ದರ್ಜಿ ಬೇಡವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮೂವರೂ ಸಾಲಾಗಿ ತೂಕದ ಯಂತ್ರ ಹತ್ತಿ ಇಳಿದಾಗಿತ್ತು. ಔಷಧಿ ಅಂಗಡಿಯವರು ಲಕೋಟೆಯ ಮೇಲೆ ಕೂಡಿದರು. “ಅವರದು ಟ್ರಂಕೂ ಸೇರಿ ನೂರ ಎಂಬತ್ತೊಂದು. ನಮ್ಮದು ನೂರ ಅರವತ್ತೊಂಬತ್ತು. ಹನ್ನೆರಡು ಕಡಿಮೆ ಬಿತ್ತಲ್ಲ!”

ಮೂವರೂ ತಂತಮ್ಮ ಮನೆಗೆ ಓಡಿದರು. ಹತ್ತು ನಿಮಿಷದಲ್ಲಿ ಮೂರು ಚೀಲಗಳೊಂದಿಗೆ ಬಂದು ಯಂತ್ರದ ಮೇಲಿಟ್ಟರು. ಸರಿಯಾಗಿ ಹನ್ನೆರಡು.

“ಏನದು ಚೀಲದಲ್ಲಿ?” ಎಂದ ದರ್ಜಿ.

“ನಾಲ್ಕು ದಿನದ ಬಟ್ಟೆ,” ಎಂದರು ಕಂಡಕ್ಟರು, ವ್ಯಾನಿನ ಹಿಂದಿನ ಸೀಟಿನಲ್ಲಿ ಜಾಗ ಮಾಡಿಕೊಳ್ಳುತ್ತ. “ವಾಪಸ್ ಬರೋವಾಗ ಹಂಪ್ ಇರಲ್ವಾ ಮಾಸ್ಟ್ರೇ? ರೈಟ್, ರೈಟ್!”

ಗಂಟೆ ಒಂದಾಗಿತ್ತು. ಆರಕ್ಕೆ ಗೇಟು ಮುಚ್ಚುತ್ತದೆ. ದರ್ಜಿ ವ್ಯಾನು ಹೊರಡಿಸಿದ. ಟ್ರೈಲರ್ ಹೂವಿನ ಹಾಗೆ ಸಮವಾಗಿ ಹಂಪ್ ದಾಟಿತು. ಅಳತೆಯಲ್ಲಿ ಒಂದು ಕೂದಲೆಳೆಯ ತಪ್ಪಿರಲಿಲ್ಲ. ಮೂರನೆಯ ಹಂಪಿನ ಹೊತ್ತಿಗೆ ಗೇರು ಹೇಗೆ ಹಾಕಬೇಕೆಂಬ ಮಾತು ಶುರುವಾಯಿತು. ಒಂಬತ್ತನೆಯದರ ಹೊತ್ತಿಗೆ ಮಗಳ ಮದುವೆ, ಹದಿನಾಲ್ಕನೆಯದರ ಹೊತ್ತಿಗೆ ಅವನ ಹಲ್ಲು.

ಹತ್ತೊಂಬತ್ತನೆಯ ಹಂಪ್ ದಾಟಿ ಡೀಸೆಲ್ ಹಾಕಿಸಲು ನಿಂತಾಗ ಹೆಂಡತಿಯ ಫೋನು ಬಂತು.

“ರೀ, ನಾವು ಬಂದು ಮುಟ್ಟಿದ್ವಿ. ಅಮ್ಮನ ಸಿಟ್ಟೂ ಇಳೀತು. ಇಲ್ಲಿ ಎಷ್ಟು ನಿಶ್ಶಬ್ದ ಗೊತ್ತಾ? ಹಿಂಗೆ ಮಾಡಿ ಹಂಗೆ ಮಾಡಿ ಅನ್ನೋಕೆ ಒಂದು ನರಪಿಳ್ಳೆ ಇಲ್ಲ. ನೀವು ಬೇಗ ಬಂದ್ಬಿಡಿ, ನಾವು ಮೂರೇ ಜನ, ಹಾಯಾಗಿರೋಣ.” ಆಮೇಲೆ ಕೇಳಿದಳು. “ಅದ್ಯಾರ್‌ರೀ ನಿಮ್ಮ ಹಿಂದೆ ಅಷ್ಟು ಮಾತಾಡ್ತಿರೋದು?”

ದರ್ಜಿ ತಿರುಗಿ ನೋಡಿದ. ಯಾವ ಮಂಚ ಯಾರಿಗೆಂದು ಮೂವರೂ ವಾದಿಸುತ್ತಿದ್ದರು.

“ನಿಮ್ಮಮ್ಮನ ತೂಕ ಕಣೇ,” ಎಂದ.