ಹನ್ನೆರಡು ಗಂಟೆಯ ನೋಂಪಿ

ನನ್ನ ಮೊಮ್ಮಗನ ಹೆಂಡತಿಗೆ ಹಸಿವೆಯಾಗುವುದು ಹೊಟ್ಟೆಯಲ್ಲಲ್ಲ, ಫೋನಿನಲ್ಲಿ! ಮಧ್ಯಾಹ್ನ ಹನ್ನೆರಡಕ್ಕೆ ಅದು ಟಿಣ್ ಅಂದರೆ ಇವಳು ತಾಟಿನ ಮುಂದೆ ಕೂಡುತ್ತಾಳೆ. ಅದಕ್ಕಿಂತ ಮೊದಲು ಇಂದ್ರನೇ ಐರಾವತದಿಂದ ಇಳಿದು ಬಂದು ಬಾಯಿಗೆ ಅಮೃತ ಹಿಡಿದರೂ "ಇನ್ನ ನಾಕ ಮಿನಿಟ್ ತಡೀರಿ" ಅನ್ನುವ ಪೈಕಿ!

ತಲೆ ಕೆಟ್ಟವಳು ಅಂದುಕೊಳ್ಳಬೇಡಿ. ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯೊಂದರಲ್ಲಿ ನಟ್ಟು-ಬೋಲ್ಟುಗಳ ಅಳತೆ ನೋಡಿ ಪಾಸು-ನಪಾಸು ಮಾಡುವ ಕೆಲಸ ಅವಳದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತೆಗೆದು ಬುಟ್ಟಿಗೆ ಎಸೆಯುತ್ತಾಳಂತೆ. ನನ್ನ ಮೊಮ್ಮಗ ಕೆಲಸ ಮಾಡುವುದೂ ಅಲ್ಲೇ. ಅವಳ ಕೈಯಲ್ಲಿ ಇವನು ಹೇಗೆ ಪಾಸಾದನೋ, ಇಂದಿಗೂ ನನಗೆ ತಿಳಿದಿಲ್ಲ.

ಅವಳು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನವಳು, ಲಿಂಗಾಯತರ ಹುಡುಗಿ. ನಾವು ಟಿಳಕವಾಡಿಯ ಜೈನರು. ಮದುವೆಯಾಗಿ ಮೂರು ವರ್ಷವಾದರೂ ಮಡಿಲು ತುಂಬಲಿಲ್ಲ ಅಂತ ಡಾಕ್ಟರಬಾಯಿ ಹತ್ತಿರ ಹೋದರು. ಅವರು ಇಬ್ಬರನ್ನೂ ತಪಾಸಣೆ ಮಾಡಿ, "ಎಲ್ಲಾ ಛಲೋ ಐತಿ. ತೂಕ ಒಂದೀಟ ಇಳಸ್ರಿ, ಸಾವಕಾಶ" ಅಂದರಂತೆ. ಇಳಿಸಬೇಕು ಅನ್ನುವುದನ್ನು ಇವಳು ಗಂಟು ಕಟ್ಟಿಕೊಂಡು ಬಂದಳು. ಸಾವಕಾಶವನ್ನು ದವಾಖಾನೆಯಲ್ಲೇ ಬಿಟ್ಟು ಬಂದಳು. ಆಮೇಲೆ ಫೋನಿನಲ್ಲಿ ಯಾರೋ ಹೇಳಿದ ಉಪವಾಸ ಶುರುವಾಯಿತು. ಮುಂಜಾನೆ ಬರೇ ಜೀರಿಗೆ ನೀರು, ಹನ್ನೆರಡಕ್ಕೆ ಊಟ.

ಊಟ ಎಷ್ಟಕ್ಕೆ ಶುರು ಅನ್ನುವುದು ನನಗೂ ಬಾಯಿಪಾಠವಾಯಿತು. ಎಷ್ಟಕ್ಕೆ ಮುಗಿಯುತ್ತದೆ ಅಂತ ನಾನು ಕೇಳಲಿಲ್ಲ. ಯಾಕೆ ಕೇಳಲಿ? ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ, ತುತ್ತು ಎತ್ತುವುದಿಲ್ಲ. ನಾನು ಸೊಸೆಯಾಗಿ ಬಂದಂದಿನಿಂದ ಹೀಗೇ ನಡೆದಿದೆ. ಮೊಮ್ಮಗ ರಾತ್ರಿ ಹೊರಗೆ ಏನು ತಿಂದು ಬರುತ್ತಾನೋ, ನಾನಂತೂ ಅವನ ಬಾಯಿ ಮೂಸಿ ನೋಡಿಲ್ಲ. ಆದರೆ ಈ ಹುಡುಗಿ ಮಾತ್ರ ಬಂದ ದಿನದಿಂದ ನಿಯಮ ಪಾಲಿಸಿದಳು. ಹುಟ್ಟಾ ಜೈನರೇ ಸಂಜೆ ಏಳಕ್ಕೆ ಮೆಲ್ಲಗೆ ಫ್ರಿಜ್ಜಿನ ಬಾಗಿಲು ತೆಗೆಯುವ ಕಾಲ ಇದು. ಇಂಥ ಸೊಸೆ ಸಿಕ್ಕಳಲ್ಲ ಅಂತ ನಾನು ಓಣಿ ತುಂಬ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು!

ಇರಲಿ, ನಮ್ಮ ಬೆಳಗಾವಿಯ ಶಹಾಪುರದ ಕತೆ ಕೇಳಿ. ಅಲ್ಲಿ ನಮ್ಮ ಬೀಗರ ಮನೆಯಲ್ಲಿ ಕುಬಸ. ಬಸುರಿ ಹುಡುಗಿಗೆ ಹಸಿರು ಬಳೆ ತೊಡಿಸಿ ಆರತಿ ಮಾಡಿ ಎಲ್ಲರ ಕೈಗೂ ಕುಂದಾ ಕೊಟ್ಟರು. ಬೆಳಗಾವಿಯಲ್ಲಿ ಹುಟ್ಟಿದವರು ಯಮನ ಎದುರಿಗಾದರೂ ಕುಂದಾ ಬಿಟ್ಟಾರೆಯೇ? ಇವಳು ಬಟ್ಟಲು ಎದೆಯ ಮಟ್ಟಕ್ಕೆ ಹಿಡಿದು, ಗಡಿಯಾರದ ಮೇಲೆ ಕಣ್ಣಿಟ್ಟು ನಿಂತಳು. ಗಂಟೆ ಹನ್ನೊಂದು ಐವತ್ತೆರಡು. ಸುತ್ತಲಿನ ಹೆಂಗಸರು ತಿನ್ನುವುದು ಬಿಟ್ಟು ಇವಳನ್ನೇ ನೋಡತೊಡಗಿದರು.

"ಇದ್ಯಾವ ನೋಂಪಿ, ತಂಗಿ?" ಅಂತ ಒಬ್ಬಳು ಕೇಳಿದಳು. ನಾವು ಜೈನರು ವ್ರತಕ್ಕೆ ನೋಂಪಿ ಅನ್ನುತ್ತೇವೆ.

"ಹನ್ನೆರಡರ ತನಕ ಏನೂ ತಿನ್ನಂಗಿಲ್ರಿ."

"ಮಕ್ಕಳಾಗಾಕ ಏನ?"

ಇವಳು ಕೆಂಪಾಗಿ, "ಒಂದ್ ನಮೂನಿ ಹಂಗ ಅನ್ರಿ" ಅಂದಳು.

"ದೇವ್ರು ಯಾವುದು?"

ನಾನು ಸುಮ್ಮನಿರಬೇಕಿತ್ತು. ನಾಲಿಗೆ ಕೇಳಬೇಕಲ್ಲ! "ಆಕೀ ಚೀಲದಾಗ ಐತಿ. ರಾತ್ರಿ ಚಾರ್ಜಿಗೆ ಹಾಕ್ತಾಳು" ಅಂದೆ.

ಯಾರೂ ನಗಲಿಲ್ಲ. ವಿಧಿ-ವಿಧಾನ ಕೇಳಿಕೊಂಡರು. ಈಗ ಶಹಾಪುರದಲ್ಲಿ ಮೂವರು ಹೆಂಗಸರು ಹನ್ನೆರಡರ ತನಕ ಬಾಯಿ ಕಟ್ಟಿಕೊಂಡು ಕೂತಿದ್ದಾರೆ. ಅವರಲ್ಲೊಬ್ಬಳಿಗೆ ಎಪ್ಪತ್ತೆರಡು!

ತೂಕದ ಯಂತ್ರದ್ದು ಇನ್ನೊಂದು ಪುರಾಣ. ಅದರ ಮೇಲೆ ಏರುವ ಮೊದಲು ಇವಳು ಬಳೆ ತೆಗೆಯುತ್ತಾಳೆ, ಓಲೆ ತೆಗೆಯುತ್ತಾಳೆ, ಹೇರ್‌ಪಿನ್ ಸಹ ತೆಗೆದಿಡುತ್ತಾಳೆ. ಉಸಿರು ಹೊರಗೆ ಬಿಟ್ಟು ಆಮೇಲೆ ನಿಲ್ಲುತ್ತಾಳೆ, ಒಳಗಿನ ಗಾಳಿಗೂ ತೂಕ ಇದ್ದೀತು ಅಂತ! ಮನೆಯ ಒಂದೊಂದು ಫರಸಿಯ ಮೇಲೂ ಯಂತ್ರ ಇಟ್ಟು ನೋಡಿ, ದೇವರ ಮನೆ ಬಾಜೂಕಿನ ಒಂದು ಕಲ್ಲಿನ ಮೇಲೆ ಕಾಲು ಕಿಲೋ ಕಡಿಮೆ ತೋರಿಸುತ್ತದೆ ಅಂತ ಕಂಡುಹಿಡಿದಳು. ಗುರುತಿಗೆ ಅಲ್ಲೊಂದು ಹಣೆಯ ಟಿಕಳಿ ಅಂಟಿಸಿದ್ದಾಳೆ. ಮನೆಗೆ ಬಂದವರು ಇಲ್ಲೇನೋ ದೈವ ಇರಬೇಕು ಅಂತ ಅದಕ್ಕೆ ಕೈಮುಗಿದು ಹೋಗುತ್ತಾರೆ. ನಾನೂ ಬೇಡ ಅನ್ನುವುದಿಲ್ಲ.

ಹೆಂಡತಿಗೆ ಜೊತೆಯಾಗಲಿ ಅಂತ ಮೊಮ್ಮಗನೂ ಮುಂಜಾನೆ ತಿನ್ನುವುದು ಬಿಟ್ಟ. ರಾತ್ರಿ ಮಾತ್ರ ಗೆಳೆಯರ ಜೊತೆ ಭಜಿ ಗಾಡಿಯ ಮುಂದೆ ಹಾಜರು. ಎರಡು ತಿಂಗಳಲ್ಲಿ ಇವಳು ಇಳಿದದ್ದು ಒಂದೂವರೆ ಕಿಲೋ. ಅವನು ಇಳಿದದ್ದು ಐದು! ಪ್ಯಾಂಟು ಜಾರುತ್ತದೆ ಅಂತ ಬೆಲ್ಟಿಗೆ ಹೊಸ ತೂತು ಮಾಡುತ್ತ ಕೂತಿದ್ದ.

"ನಿಮ್ಮನ್ನ ಯಾರ ಕರದಿದ್ರು ಉಪಾಸಕ್ಕ?" ಅಂತ ಇವಳು ಅವನ ಮೇಲೆ ಹಾಯ್ದಳು.

"ನಿನಗ ಧೈರ್ಯಾ ಬರ್ಲಿ ಅಂತ ಮಾಡಿದ್ನಿ."

"ಧೈರ್ಯಾ ನನಗ ಕೊಟ್ರಿ, ಗುಣಾ ನೀವ್ ತಗೊಂಡ್ರಿ!"

ಅವತ್ತಿನಿಂದ ಅವನಿಗೆ ಹೊರಗಿನ ಭಜಿ ಬಂದ್ ಆಯಿತು. ಒಂದು ವಾರ.

ನಡುವೆ ಒಮ್ಮೆ ಬೀಡಿಗೆ ಹೋಗಿದ್ದೆವು. ಇವಳ ತಾಯಿ ಮುಂಜಾನೆ ಎಂಟಕ್ಕೇ ಬಿಸಿ ರೊಟ್ಟಿ, ಬೆಣ್ಣೆ, ಎಣಗಾಯಿ ಇಟ್ಟುಕೊಂಡು ಕರೆದರು. ಮಗಳು ಎಲ್ಲಿ? ವಾಸನೆ ಮೂಗಿಗೆ ಬಿದ್ದರೆ ವ್ರತ ಕೆಟ್ಟೀತು ಅಂತ ದನದ ಕೊಟ್ಟಿಗೆಗೆ ಹೋಗಿ ಕೂತಿದ್ದಳು! ಎಮ್ಮೆ ಇವಳ ಮುಂದೆಯೇ ಆರಾಮಾಗಿ ಮೇಯುತ್ತಿತ್ತು. ಅದಕ್ಕೇನು ಫೋನಿದೆಯೇ, ಪಾಪ?

ತಾಯಿ ನನ್ನ ಕಡೆ ತಿರುಗಿ, "ಬೀಗತ್ಯಾರ, ಸಿಟ್ಟಾಗಬ್ಯಾಡ್ರಿ. ಹುಡುಗಿ ಮಾರಿ ಬಾಡೇತಿ. ಅಲ್ಲಿ ಹೊಟ್ಟಿ ತುಂಬ ಉಣ್ತಾಳಿಲ್ರಿ?" ಅಂದರು.

"ನಮ್ಮ ಮನ್ಯಾಗ ಉಣ್ಣಾಕ ಏನ್ ಕಮ್ಮಿ ಐತ್ರಿ?" ಅಂತ ನಾನು ಬಿಗಿದುಕೊಂಡು ಕೂತೆ. ಆದರೂ ಮೂರನೆಯ ರೊಟ್ಟಿ ಬೇಡ ಅನ್ನಲಿಲ್ಲ. ಸಿಟ್ಟು ಬೇರೆ, ಎಣಗಾಯಿ ಬೇರೆ.

ಹೀಗೆ ನಾಲ್ಕು ತಿಂಗಳಾಯಿತು. ಕೊನೆಯ ಎರಡು ತಿಂಗಳು ಇವಳಿಗೆ ಮುಟ್ಟು ಬರಲಿಲ್ಲ. ಮೊಮ್ಮಗ ಸ್ಕೂಟರನ್ನು ತೆಗ್ಗು ತಪ್ಪಿಸಿ ಸಾವಕಾಶ ಓಡಿಸತೊಡಗಿದ. ನಾನು ಹಳೆಯ ಮೆತ್ತನೆಯ ಸೀರೆಗಳನ್ನು ಬೇರೆ ತೆಗೆದಿಟ್ಟು, ಮನಸ್ಸಿನಲ್ಲೇ ತೊಟ್ಟಿಲು ಕಟ್ಟಿ ಮೂರು ಹೆಸರು ಸಹ ಗೊತ್ತುಮಾಡಿದೆ.

ಡಾಕ್ಟರಬಾಯಿ ಹತ್ತಿರ ನಾನೂ ಹೋದೆ. ಅವರು ಪರೀಕ್ಷೆ ಮಾಡಿ ನೋಡಿದರು. ಬಸಿರಲ್ಲ ಅಂದರು.

ಆಮೇಲೆ, "ಮುಂಜಾನಿ ಏನ್ ತಿಂತೀರಿ?" ಅಂತ ಕೇಳಿದರು.

"ಏನಿಲ್ರಿ. ಹನ್ನೆರಡಕ್ಕ ಊಟಾರಿ."

"ರಾತ್ರಿ?"

"ಏನಿಲ್ರಿ."

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. "ಫೋನಿನ್ಯಾಗ ರಾತ್ರಿ ಎಂಟರ ತನಕ ಉಣ್ಣಾಕ ಹೇಳಿರ್ತಾರಲ್ಲ?"

"ಹೇಳ್ತಾರ್ರಿ. ಆದ್ರ ನಮ್ಮ ಮನ್ಯಾಗ ಹೊತ್ತ ಮುಳುಗಿದ ಮ್ಯಾಲ ಒಲಿ ಹಚ್ಚಂಗಿಲ್ರಿ. ಕೆಲಸದಿಂದ ಬಂದ ಕೂಡ್ಲೇ ಒಂದೀಟ ಉಂಡಂಗ ಮಾಡ್ತೇನ್ರಿ."

ಡಾಕ್ಟರಬಾಯಿ ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ.

"ಒಳ್ಳೇದಾತು. ಮುಂಜಾನಿ ಫೋನ್ ಬಾಗಲಾ ಹಾಕ್ತೈತಿ, ಸಂಜೀಕ ಅಜ್ಜಿ ಹಾಕ್ತಾಳು. ಇಬ್ರೂ ಕೂಡಿ ಹುಡುಗೀನ ಉಪಾಸ ಕೆಡವೀರಿ! ನಾ ಉಪಾಸ ಮಾಡ ಅಂದಿರ್ಲಿಲ್ಲವ್ವಾ, ಸಾವಕಾಶ ಅಂದಿದ್ನಿ. ಉಣ್ಣದ ಇದ್ರ ಮೈ ತನಗ ತಾನ ಮುಟ್ಟ ನಿಲ್ಲಸ್ತೈತಿ. ಮದಲ ಮೂರೂ ಹೊತ್ತ ಉಣ್ಣ. ಉಳಿದದ್ದ ಆಮ್ಯಾಲ ನೋಡೂಣು."

ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿತ್ತು. ಮೊಮ್ಮಗ ಔಷಧಿ ತರಲು ಹೋದ. ಇವಳು ಚಪ್ಪಲಿ ಸಹ ಬಿಡದೆ ಮೆಟ್ಟಿಲ ಮೇಲೆ ಕೂತಳು. ನಾನೂ ಬಾಜೂಕ ಕೂತೆ.

"ರಾತ್ರಿ ಉಣ್ಣೂದೈತಿ ಅಂತ ಬಾಯಿಬಿಟ್ಟ ಹೇಳಬಾರದಾಗಿತ್ತೇನ ಹುಚ್ಚಿ?" ಅಂದೆ.

"ನೀವು ಓಣಿ ತುಂಬ ನನ್ನ ಹೊಗಳ್ತಿದ್ರಿ ಆಯಿ. ಹೆಂಗ ಹೇಳ್ಲಿ?" ಅಂದಳು. ಚಪ್ಪಲಿಯ ಪಟ್ಟಿ ಬಿಚ್ಚುತ್ತ ಮತ್ತೆ ಅಂದಳು, "ಬಾಕಿ ಯಾವುದೂ ನನ್ನ ಕೈಯಾಗಿಲ್ರಿ. ತಿನ್ನದ ಇರೂದೊಂದ ಕೈಯಾಗಿತ್ತು. ಅದೂ ತಪ್ಪಂದ್ರ ನಾ ಇನ್ನೇನ್ ಮಾಡ್ಲಿರಿ?"

ನಾನು ಎದ್ದು ಒಳಗೆ ಹೋದೆ. ಜೋಳದ ಹಿಟ್ಟು ತೆಗೆದು, ಒಲೆ ಹಚ್ಚಿ, ಹಂಚು ಇಟ್ಟೆ.

ರೊಟ್ಟಿ ಬಡಿಯುವ ಸದ್ದು ಕೇಳಿ ಓಡಿ ಬಂದಳು. "ಆಯಿ! ಹೊತ್ತ ಮುಳುಗೇತ್ರಿ!"

"ನನ್ನ ಹೊತ್ತ ಮುಳುಗೇತಿ. ನಿಂದಿನ್ನೂ ಐತಿ. ಕುಂದ್ರ."

ಕೂತಳು. ರೊಟ್ಟಿ ಮುರಿದಳು, ಬಾಯಿಗೆ ಇಡಲಿಲ್ಲ. "ನೀವು ನಿಯಮ ಯಾಕ ಮುರದ್ರಿ?"

ಮಗನಿಗೂ ಹೇಳದ ಮಾತೊಂದನ್ನು ಆಗ ಹೇಳಿದೆ. ಮದುವೆಯಾಗಿ ಆರು ವರ್ಷ ನನಗೂ ಮಕ್ಕಳಿರಲಿಲ್ಲ. ಯಾರು ಯಾವ ನೋಂಪಿ ಹೇಳಿದರೂ ಹಿಡಿದೆ. ಒಂದು ವರ್ಷ ನಮ್ಮ ಜೈನರ ಪರ್ವದಲ್ಲಿ ಹತ್ತು ದಿನ ಬರೇ ಕಾಸಿದ ನೀರು ಕುಡಿದಿದ್ದೆ. ಒಂಬತ್ತನೆಯ ದಿನ ಬಾವಿಯ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದೆ. ಊರವರೆಲ್ಲ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದರು.

"ಎಲ್ಲಾರೂ ಕೈಮುಗುದ್ರು. ಹಸದಿಯೇನ ಅಂತ ಒಬ್ಬರೂ ಕೇಳಲಿಲ್ಲವ್ವಾ."

ಅವಳು ತಲೆ ಎತ್ತಲಿಲ್ಲ. ಮೊದಲ ತುತ್ತು ಬಾಯಿಗೆ ಹೋಯಿತು. ಆಮೇಲೆ ಇನ್ನೊಂದು. ಎರಡು ರೊಟ್ಟಿ ಮುಗಿಸಿ, ಕಣ್ಣು ಒರೆಸಿಕೊಂಡು, ತಾಟನ್ನು ಒಂದಿಷ್ಟು ನನ್ನ ಕಡೆ ಸರಿಸಿದಳು.

"ಆಯಿ, ಇನ್ನೊಂದ ಬಡೀತೀರೇನ್ರಿ?"

ನಾದಿದ ಹಿಟ್ಟು ಮುಗಿದಿತ್ತು. ಮತ್ತೆ ನಾದಿದೆ.