ಪ್ರಯೋಜನ ರಜೆ

ಚಾಮರಾಜಪೇಟೆಯ ನಮ್ಮ ಗೃಹನಿರ್ಮಾಣ ಸಹಕಾರ ಸಂಘದಲ್ಲಿ ೨೦೦೬ರ ಆಗಸ್ಟ್ ಒಂದರಿಂದ ಕಾಯಿಲೆಯನ್ನು ರದ್ದುಪಡಿಸಲಾಗಿದೆ.

ಊರಿಗೆಲ್ಲ ಚಿಕುನ್‌ಗುನ್ಯಾ ಹಬ್ಬಿದ್ದ ಕಾಲ. ಕಾರ್ಯದರ್ಶಿ ಮಲ್ಲಿಕಾರ್ಜುನಯ್ಯನವರು ಹನ್ನೊಂದು ಮಂದಿ ಸಿಬ್ಬಂದಿಗೂ ರೋಗನಿರೋಧಕ ಗಿಡಮೂಲಿಕೆ ಪುಡಿಯನ್ನು ಕಡ್ಡಾಯ ಮಾಡಿದರು. ಬೆಳಿಗ್ಗೆ ಒಂದು ಚಮಚ ಬಾಯಿಗೆ ಹಾಕಿಕೊಂಡ ಮೇಲೆಯೇ ಹಾಜರಿ ಪುಸ್ತಕ. ಪುಡಿ ಮಾಡಿಸುವವರು ಅವರ ಭಾವಮೈದುನರೇ ಆದ್ದರಿಂದ ಪರೀಕ್ಷೆಗೆ ಕಳಿಸುವ ಅಗತ್ಯ ಬೀಳಲಿಲ್ಲ. ಸೇವಿಸಿದವರಿಗೆ ರೋಗ ಬಾರದೆಂದು ಡಬ್ಬಿಯ ಮೇಲೆಯೇ ಅಚ್ಚಾಗಿತ್ತು. ಆ ಪ್ರಯುಕ್ತ ಅನಾರೋಗ್ಯ ರಜೆಯನ್ನು ತೆಗೆದುಹಾಕಲಾಯಿತು.

ನವೆಂಬರಿನಲ್ಲಿ ಗುಮಾಸ್ತ ಪುಟ್ಟಯ್ಯನವರ ಕಣ್ಣು ಹಳದಿಯಾಯಿತು. ಊಟ ಸೇರದು, ಮೆಟ್ಟಿಲು ಹತ್ತಲಾಗದು. ಲಿವರ್ ಕೆಟ್ಟಿದೆ, ಪುಡಿ ನಿಲ್ಲಿಸಿ ಒಂದು ತಿಂಗಳು ಮಲಗಬೇಕು, ಇಲ್ಲವಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು.

ಕಾರ್ಯದರ್ಶಿಗಳು ಚೀಟಿಯನ್ನು ಎರಡು ಸಲ ಓದಿದರು.

"ಪುಡಿ ತಗೊಂಡಿದೀರೇನ್ರೀ ಪುಟ್ಟಯ್ಯ?"

"ಒಂದಿನಾನೂ ತಪ್ಪಿಸಿಲ್ಲ ಸಾರ್."

"ಮತ್ತೆ ಕಾಯಿಲೆ ಹೇಗ್ರೀ ಬರತ್ತೆ? ತಗೊಂಡಿಲ್ಲ ಅನ್ನಿ, ಕಾಯಿಲೆ ಒಪ್ಕೋತೀನಿ. ಆದ್ರೆ ಸಸ್ಪೆಂಡ್ ಮಾಡ್ಬೇಕಾಗತ್ತೆ."

ಗಂಡನ ತೋಳು ಹಿಡಿದು ನಿಂತಿದ್ದ ಕಾವೇರಮ್ಮ ಬಾಯಿಬಿಟ್ಟರು. "ಅವರ ಮುಖ ನೋಡಿ ಸಾರ್, ಅರಿಶಿನ ಬಳಿದ ಹಾಗಿದೆ."

"ನೋಡ್ದೆ ಕಣಮ್ಮ. ಒಳಗಿನ ವಿಷ ಹೊರಗೆ ಬರ್ತಿದೆ. ಅದೇ ಪುಡಿಯ ಪ್ರಯೋಜನ. ನಿಮ್ಮ ಯಜಮಾನ್ರಿಗೆ ಸ್ವಲ್ಪ ಜಾಸ್ತಿ ಆಗಿದೆ, ಅಷ್ಟೆ."

"ಹಾಗಿದ್ರೆ ಆ ಜಾಸ್ತಿಗೇ ರಜ ಕೊಡಿ."

ಇದರಲ್ಲಿ ಕಾನೂನಿನ ತೊಡಕೇನೂ ಕಾಣಲಿಲ್ಲ. ಅಂದು ಸಂಜೆಯೇ ಹೊಸ ನಿಯಮ ಸೂಚನಾ ಫಲಕಕ್ಕೆ ಬಂತು: 'ಪ್ರಯೋಜನ ಮಿತಿಮೀರಿ ಹಾಸಿಗೆ ಹಿಡಿದ ಸಿಬ್ಬಂದಿಗೆ ಮೂವತ್ತು ದಿನಗಳ ಸಂಬಳಸಹಿತ ಪ್ರಯೋಜನ ರಜೆ ನೀಡತಕ್ಕದ್ದು. ರಜೆಯಲ್ಲಿ ಪ್ರಯೋಜನ ಕುಂದದಂತೆ ದಿನಕ್ಕೆ ಎರಡು ಚಮಚ ಸೇವಿಸತಕ್ಕದ್ದು.' ಪುಟ್ಟಯ್ಯನವರು ಒಪ್ಪಿ ರುಜು ಮಾಡಿದರು.

ಆ ತಿಂಗಳ ಪುಡಿಯನ್ನು ಕಾವೇರಮ್ಮ ದಿನಾ ತಪ್ಪದೆ ಹಿತ್ತಲ ಕರಿಬೇವಿನ ಬುಡಕ್ಕೆ ಹಾಕಿದರು. ಪುಟ್ಟಯ್ಯನವರು ಚೇತರಿಸಿಕೊಂಡರು. ಕರಿಬೇವು ಒಣಗಿತು.

ಅವರು ಕೆಲಸಕ್ಕೆ ಮರಳಿದ ದಿನ ಮಲ್ಲಿಕಾರ್ಜುನಯ್ಯನವರು ಶಾಲು ಹೊದಿಸಿ, ಎರಡು ಚಮಚದ ಮಹಿಮೆ ಕುರಿತು ಹತ್ತು ನಿಮಿಷ ಮಾತಾಡಿದರು. ಸಿಬ್ಬಂದಿಯ ಮನಸ್ಸಿನಲ್ಲಿ ಉಳಿದದ್ದು ಸಂಬಳಸಹಿತ ಮೂವತ್ತು ದಿನ.

ಈಗ ಹಾಜರಿ ಪುಸ್ತಕದ ಪಕ್ಕದಲ್ಲಿ ಒಂದು ಕನ್ನಡಿ ತೂಗುಹಾಕಿದೆ. ಎಲ್ಲರೂ ತಾವಾಗಿಯೇ ಎರಡೆರಡು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿಕೊಳ್ಳುತ್ತಾರೆ. ಇನ್ನೂ ಬೆಳ್ಳಗಿದ್ದರೆ ನಿಟ್ಟುಸಿರುಬಿಟ್ಟು ರುಜು ಹಾಕಿ, ಕೆಲಸಕ್ಕೆ ಕೂರುತ್ತಾರೆ.