ಕಂಪ್ಯೂಟರ್ ಖಾಲಿ ಇದೆ, ಸಂಸಾರಸ್ಥರಿಗೆ ಮಾತ್ರ

ಕಾಡುಗೋಡಿಯ ನರಸಪ್ಪ ಬಿಲ್ಡಿಂಗ್ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಕಂಪ್ಯೂಟರಿನಲ್ಲಿ ಸದ್ಯಕ್ಕೆ ಯಾರೂ ವಾಸವಿಲ್ಲ. ಈ ಬಗ್ಗೆ ನಿವಾಸಿಗಳು ಗಾಬರಿಪಡುವ ಅಗತ್ಯವಿಲ್ಲವೆಂದು ಸಂಘದ ಅಧ್ಯಕ್ಷರೂ ಬಿಲ್ಡಿಂಗಿನ ಮಾಲೀಕರೂ ಆದ ನರಸಪ್ಪನವರು ಪ್ರಕಟಣೆ ಹೊರಡಿಸಿದ್ದಾರೆ.

ಕಂಪ್ಯೂಟರು ಬಂದದ್ದು ಯಾವುದೋ ಕಂಪನಿಯ ದಾನವಾಗಿ. ಒಳಗಿದ್ದುದನ್ನೆಲ್ಲ ಗುಡಿಸಿ ಒರೆಸಿ ಬರೀ ಪೆಟ್ಟಿಗೆ ಕೊಟ್ಟಿದ್ದರು. ನೆಲಮಹಡಿಯ ಕೋಣೆಯಲ್ಲಿಟ್ಟು, ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು, ಗುಂಡಿ ಒತ್ತಿದರೆ ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಟುಕಿತು, ಅಷ್ಟೆ. ಇದನ್ನು ನಡೆಸಲು ಒಳಗೊಂದು ಆಪರೇಟಿಂಗ್ ಸಿಸ್ಟಂ ಇರಬೇಕು, ಅದಿಲ್ಲ, ಆದರೆ ಪುಕ್ಕಟೆ ಸಿಗುವಂಥವು ನೂರಾರಿವೆ ಎಂದು ಮೂರನೇ ಮಹಡಿಯ ಸಾಫ್ಟ್‌ವೇರ್ ಗುರುರಾಜ್ ಹೇಳಿದ. ಒಂದೇ ಇದ್ದಿದ್ದರೆ ಅಂದೇ ಕೆಲಸ ಮುಗಿಯುತ್ತಿತ್ತು.

ಎಲ್ಲರಿಗಿಂತ ಅವಸರ ಇದ್ದದ್ದು ಹಿಂದಿನ ಶೀಟ್ ಮನೆಯ ದಾನೇಶ್ವರಿಗೆ. ಕುಷ್ಟಗಿ ಕಡೆಯವಳು. ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಪೂರ್ತಿ ನಿಂತೇ ಪ್ಯಾಕಿಂಗ್ ಮಾಡುತ್ತಿದ್ದಳು. ಅಲ್ಲಿನ ಸ್ಟೋರ್ಸಿನಲ್ಲಿ ಒಂದು ಜಾಗ ಖಾಲಿಯಿತ್ತು. ಅಲ್ಲೂ ಇಂಥದೇ ಪುಕ್ಕಟೆ ಸಿಸ್ಟಂ. ಅದರಲ್ಲಿ ಟೈಪ್ ಮಾಡಿ ತೋರಿಸಿದವರಿಗೆ ಕೆಲಸ. ಸಂಬಳ ಅಷ್ಟಕ್ಕಷ್ಟೆ, ಆದರೆ ಆ ಕೆಲಸಕ್ಕೆ ಒಂದು ಕುರ್ಚಿ ಇತ್ತು. ಸಂಜೆ ಊದಿಕೊಂಡ ಪಾದಗಳನ್ನು ಬಕೆಟ್ಟಿನ ನೀರಲ್ಲಿ ಇಟ್ಟಾಗಲೆಲ್ಲ ದಾನೇಶ್ವರಿಗೆ ಆ ಕುರ್ಚಿ ನೆನಪಾಗುತ್ತಿತ್ತು. ಪರೀಕ್ಷೆ ದೀಪಾವಳಿ ಕಳೆದ ಮೇಲೆ.

ಹೊಸಬರಿಗೆ ಯಾವುದು ಒಳ್ಳೆಯದೆಂದು ಅವಳು ಗುರುರಾಜನನ್ನು ಕೇಳಿದಳು. ಇಂಥ ಪ್ರಶ್ನೆಗಾಗಿಯೇ ಹುಟ್ಟಿದವನಂತೆ ಅವನು ಚಕ್ಕಳಮಕ್ಕಳ ಹಾಕಿ ಕೂತ. ನಿನಗೇನು ಬೇಕು ಎಂದ. ಟೈಪ್ ಮಾಡಬೇಕು ಎಂದಳು. ಅದು ಎಲ್ಲದರಲ್ಲೂ ಆಗುತ್ತೆ, ಅದನ್ನು ಬಿಟ್ಟು ಹೇಳು ಎಂದ. ಆಮೇಲೆ ತನ್ನ ವಾಟ್ಸಾಪ್ ಗುಂಪಿನಲ್ಲಿ ಕೇಳಿ ನೋಡಿದ. ಬಂದ ಉತ್ತರಗಳಲ್ಲಿ ಪ್ರತಿಯೊಂದೂ ಉಳಿದ ಉತ್ತರ ಕೊಟ್ಟವರನ್ನು ನಂಬಬೇಡಿ ಎಂದಿತ್ತು. ತಪ್ಪು ಸಿಸ್ಟಂ ಆರಿಸಿಕೊಂಡ ಒಬ್ಬ ಮೂರು ವರ್ಷ ಯಾರಿಗೂ ಮುಖ ತೋರಿಸಿರಲಿಲ್ಲವಂತೆ.

ಆಗ ನರಸಪ್ಪನವರು ವಿಷಯ ಕೈಗೆತ್ತಿಕೊಂಡರು. ಹೊಲ ಹೋಗಿ ಮನೆಗಳಾದಂದಿನಿಂದ ಬಾಡಿಗೆದಾರರನ್ನು ಆರಿಸುತ್ತ ಬಂದವರು. ಒಳಗೆ ಬಂದು ಇರುವವರು ಯಾರೇ ಆಗಲಿ, ಸಂದರ್ಶನ ಕಡ್ಡಾಯವೆಂದು ನಿಯಮ ಮಾಡಿದರು. ಸಿಸ್ಟಂಗಳ ಪರವಾಗಿ ಗುರುರಾಜ್ ಉತ್ತರಿಸತಕ್ಕದ್ದು.

"ಯಾವೂರು?"

"ಊರು ಅಂತ ಇಲ್ಲ ಸಾರ್. ಪ್ರಪಂಚದಲ್ಲೆಲ್ಲಾ ಇದಾರೆ."

"ಮಾಲೀಕ ಯಾರು?"

"ಯಾರೂ ಇಲ್ಲ. ಎಲ್ರದೂ."

ನರಸಪ್ಪನವರು ಪೆನ್ನು ಕೆಳಗಿಟ್ಟರು. "ಎಲ್ರದೂ ಅಂದ್ರೆ, ನಾಳೆ ನಲ್ಲಿ ಸೋರಿದ್ರೆ ಯಾರ್ನಪ್ಪ ಕೇಳಾದು?"

ಸಂದರ್ಶನಗಳು ಮುಂದುವರಿದವು. ಮಿಂಟ್ ಎಂಬ ಸಿಸ್ಟಂ ಉಬುಂಟು ಎಂಬುದಕ್ಕೆ ಹುಟ್ಟಿದ್ದು, ಉಬುಂಟು ಡೆಬಿಯನ್ನಿಗೆ ಹುಟ್ಟಿದ್ದು ಎಂದು ತಿಳಿದಾಗ, ಮೊಮ್ಮಗನಿಗೆ ಕೊಟ್ಟರೆ ಅಜ್ಜ ಬಂದು ಝಾಂಡಾ ಹೂಡುವುದಿಲ್ಲವೆಂದು ಬರೆದುಕೊಡಲು ಸಭೆ ಕೇಳಿತು. ಆರ್ಚ್ ಎಂಬುದರಲ್ಲಿ ಎಲ್ಲವನ್ನೂ ನಾವೇ ಕಟ್ಟಿಕೊಳ್ಳಬೇಕೆಂದಾಗ, ಬಾಡಿಗೆದಾರನೇ ಗೋಡೆ ಕಟ್ಟುವುದಾದರೆ ನಾಳೆ ಮನೆ ತನ್ನದೇ ಅನ್ನುತ್ತಾನೆ ಎಂದು ತಳ್ಳಿಹಾಕಲಾಯಿತು. ಯಾವುದೂ ಅಡ್ವಾನ್ಸ್ ಕೊಡಲು ತಯಾರಿರಲಿಲ್ಲ. ಕೊನೆಗೆ ಕಂಪ್ಯೂಟರಿನ ಕೊರಳಿಗೆ ಬೋರ್ಡು ಬಿತ್ತು:

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸಂಘದ ಕಂಪ್ಯೂಟರ್ ಖಾಲಿ ಇರುತ್ತದೆ. ಸಂಸಾರಸ್ಥ ಆಪರೇಟಿಂಗ್ ಸಿಸ್ಟಂಗಳಿಗೆ ಮಾತ್ರ. ಹನ್ನೊಂದು ತಿಂಗಳ ಕರಾರು. ಮಾಲೀಕರ ಆಧಾರ್ ಪ್ರತಿ ತರತಕ್ಕದ್ದು. ಬ್ರೋಕರುಗಳು ಬರಕೂಡದು."

ಇಬ್ಬರು ಬ್ರೋಕರುಗಳು ಬಂದರು.

ಆಯುಧಪೂಜೆಗೆ ಕಂಪ್ಯೂಟರಿನ ಮುಂದೆ ಬೂದುಗುಂಬಳ ಒಡೆದದ್ದು ಬಿಟ್ಟರೆ ಬೇರೆ ಪ್ರಗತಿ ಇರಲಿಲ್ಲ. ದಾನೇಶ್ವರಿ ಅಳುಮುಖ ಹೊತ್ತು ನರಸಪ್ಪನವರ ಹೆಂಡತಿ ವಸಂತಮ್ಮನವರ ಹತ್ತಿರ ಹೋಗಿ, ಸೊಪ್ಪು ಬಿಡಿಸುತ್ತಿದ್ದವರ ಪಕ್ಕ ಕೂತಳು. ಗುರುರಾಜ್ ಮಾತಿನ ನಡುವೆ ಹೇಳಿದ್ದೊಂದು ಅವಳ ತಲೆಯಲ್ಲಿ ಉಳಿದಿತ್ತು.

"ಸಿಸ್ಟಂ ಒಳಗ ಹಾಕೂದ ಬ್ಯಾಡಂತ್ರಿ ಅಮ್ಮಾ. ಪೆನ್‌ಡ್ರೈವ್ ಚುಚ್ಚಿದ್ರ ಅದರಾಗಿಂದನ ನಡೀತೈತಂತ. ತಗದ್ರ ಏನೂ ಉಳಿಯಂಗಿಲ್ಲಂತ."

ವಸಂತಮ್ಮ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಬಂದು, ಕುಂತು, ಸಂಜಿಕೆ ಎದ್ದೋಗೋದು ಬಾಡಿಗೆದಾರ ಎಂಗಾಯ್ತದೆ? ಅದು ನೆಂಟ ಕಣಮ್ಮಿ."

ಮಾತು ನರಸಪ್ಪನವರ ಕಿವಿಗೆ ಬಿತ್ತು. ನೆಂಟರಿಗೆ ಕರಾರು ಕೇಳುವ ಪದ್ಧತಿ ಅವರ ವಂಶದಲ್ಲೇ ಇರಲಿಲ್ಲ. ತುರ್ತು ಸಭೆ ಸೇರಿ ನಿಯಮಗಳಾದವು: ನೆಂಟರು ದೀಪ ಹಚ್ಚುವ ಹೊತ್ತಿಗೆ ಹೊರಡಬೇಕು, ಗಂಟುಮೂಟೆ ಬಿಟ್ಟು ಹೋಗಬಾರದು, ಹೊರಡುವಾಗ ಕುಂಕುಮ ಕೊಟ್ಟು ಕಳಿಸಬೇಕು. ಕೊನೆಯದನ್ನು ವಸಂತಮ್ಮ ಸೇರಿಸಿದರು. ನೆಂಟರ ಕುಲಗೋತ್ರ ಕೆದಕುವುದು ಸಭ್ಯತೆಯಲ್ಲವಾದ್ದರಿಂದ, ಗುರುರಾಜ್ ಡ್ರಾಯರಿನಲ್ಲಿ ಕೈಗೆ ಸಿಕ್ಕ ಪೆನ್‌ಡ್ರೈವ್ ತಂದುಕೊಟ್ಟ. ಅದರಲ್ಲಿ ನೂರಾರರಲ್ಲಿ ಯಾವುದಿದೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಶಿಫ್ಟ್ ಮುಗಿಸಿ ಬಂದು ದಾನೇಶ್ವರಿ ದಿನಾ ನೆಂಟನನ್ನು ಕೂರಿಸಿ ಟೈಪ್ ಮಾಡಿದಳು. ಮೊದಲು ತನ್ನ ಹೆಸರು, ಆಮೇಲೆ ಊರಿನವರೆಲ್ಲರ ಹೆಸರು. ದೀಪ ಹಚ್ಚುವ ಹೊತ್ತಿಗೆ ಎಲ್ಲವೂ ಅಳಿಸಿಹೋಗುತ್ತಿತ್ತು. ನಿಯಮಪಾಲನೆ ತೃಪ್ತಿಕರವೆಂದು ಸಂಘ ದಾಖಲಿಸಿತು.

ಪರೀಕ್ಷೆಯ ದಿನ ಸ್ಟೋರ್ಸಿನ ಪರದೆಯ ಬಣ್ಣವೇ ಬೇರೆಯಿತ್ತು. ಇವರೂ ಯಾರೋ ನೆಂಟರೇ ಇರಬೇಕೆಂದುಕೊಂಡು ದಾನೇಶ್ವರಿ ಟೈಪ್ ಮಾಡತೊಡಗಿದಳು. ಪುಟ ಮುಗಿಸಿ, ಎಂದಿನಂತೆ ಕಂಪ್ಯೂಟರ್ ಬಂದ್ ಮಾಡಲು ಹೋದಾಗ ಸೂಪರ್‌ವೈಸರ್ ಮಹಾಲಕ್ಷ್ಮಿ ಅವಳ ಕೈ ಹಿಡಿದರು.

"ಸೇವ್ ಮಾಡಲ್ವಾ?"

"ಸೇವ್ ಅಂದ್ರೇನ್ರಿ?"

ಮಹಾಲಕ್ಷ್ಮಿ ತಾವೇ ಗುಂಡಿ ಒತ್ತಿ ಓದಿದರು. ತಪ್ಪಿರಲಿಲ್ಲ. ಕಲಿತ ಬೇರೆಯವರೆಲ್ಲ ಕಂಪ್ಯೂಟರಿನಲ್ಲಿ ಮದುವೆ ಫೋಟೋ ತುಂಬಿಡುತ್ತಾರೆ, ಇವಳಿಂದ ಆ ಭಯವಿಲ್ಲ ಎಂದು ಬರೆದು ಕುರ್ಚಿ ಕೊಟ್ಟರು. ಅದರಲ್ಲಿ ಕೂತ ದಿನ ದಾನೇಶ್ವರಿಗೆ ಸುಮ್ಮನೆ ನಗು ಬರುತ್ತಲೇ ಇತ್ತು.

ಸಂಘದ ಕಂಪ್ಯೂಟರಿಗೆ ಯೋಗ್ಯ ಬಾಡಿಗೆದಾರನನ್ನು ಹುಡುಕುವ ವಿಷಯ ಪರಿಶೀಲನೆಯಲ್ಲಿದೆ. ಬೋರ್ಡು ಹಾಗೇ ಇದೆ, ಹೊಸ ಬಣ್ಣ ಬಳಿದಿದ್ದಾರೆ. ಮೊನ್ನೆ ದಾನೇಶ್ವರಿಯ ಪಕ್ಕದ ಶೀಟ್ ಮನೆಗೆ ಹೊಸದಾಗಿ ಬಂದ ಸವಿತಾ, ನೂರಾರು ಇದಾವಂತ, ತಪ್ಪು ಆರಿಸಿಕೊಂಡರೆ ಗತಿಯೇನೆಂದು ಬಾಗಿಲಲ್ಲೇ ನಿಂತಳು. ದಾನೇಶ್ವರಿ ಅವಳನ್ನು ಕರೆದು ಕೂರಿಸಿ, ಸಂಜೆಯವರೆಗೆ ಟೈಪ್ ಮಾಡಿಸಿದಳು.

ದೀಪ ಹಚ್ಚುವ ಹೊತ್ತಾಯಿತು. ಸವಿತಾ ಪೆನ್‌ಡ್ರೈವ್ ಕಿತ್ತು ಕೊಟ್ಟಳು. ದಾನೇಶ್ವರಿ ಅದಕ್ಕೆ ಕುಂಕುಮ ಹಚ್ಚಿ, "ಹೋಗಿ ಬರ್ರಿ" ಅಂದಳು.